ನೂರಿಯ ಹುರುಳಿ

ಅಬ್ಬಾ,

ನಿಮ್ಮ ಕುದುರೆ ನೂರಿ ನಿನ್ನೆ ಮಲಗಿದ್ದು ಇನ್ನೂ ಎದ್ದಿಲ್ಲ.

ನೀವು ತೀರಿಹೋದ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಯುವವರೆಗೆ ಅದನ್ನು ಸಾರೋಟಿಗೆ ಕಟ್ಟಕೂಡದೆಂದು ಅಮ್ಮಿ ಹಟ ಹಿಡಿದಿದ್ದರು. ನಿನ್ನೆಯೇ ಮೊದಲು, ಕೊತ್ತಗೆರೆಯ ಮದುವೆ ಮೆರವಣಿಗೆಗೆಂದು ಕಟ್ಟಿದೆ. ಕುಣಿಗಲ್ ಕೆರೆ ಏರಿ ದಾಟುವಷ್ಟರಲ್ಲಿ ಬೆವೆತು ನಿಂತೇಬಿಟ್ಟಿತು. ತೊಡೆ ಮುಟ್ಟಿದರೆ ಕಲ್ಲಿನ ಹಾಗೆ ಬಿಗಿದಿತ್ತು. ಗಾಡಿ ಬಿಚ್ಚಿ ಹೇಗೋ ಮನೆಗೆ ನಡೆಸಿ ತಂದೆ; ಬಂದದ್ದೇ ಮಲಗಿಬಿಟ್ಟಿತು.

ದನದ ಡಾಕ್ಟರ್ ಚನ್ನೇಶ್ ಇಂಜೆಕ್ಷನ್ ಕೊಟ್ಟು ಕೇಳಿದರು: "ಕೆಲ್ಸ ಇಲ್ದೆ ನಿಂತಿದ್ದಾಗ್ಲೂ ಹುರುಳಿ ಪೂರ್ತಿ ಹಾಕ್ತಿದ್ರಾ? ಅದ್ಕೇ ಮಾಂಸಖಂಡ ಹಿಡ್ಕೊಂಡಿರೋದು. ಇನ್ನು ಏಳೋದು ಕಷ್ಟ ಕಣಪ್ಪ."

ಬಾಡಿಗೆಯಿಲ್ಲದ ದಿನ ನೀವು ಬರೀ ಹುಲ್ಲು ಹಾಕಿ, ಗಾಡಿ ಕಟ್ಟದೆ ಬೀದಿ ಸುತ್ತಿಸಿ, ಬೆನ್ನು ತೊಡೆ ತಿಕ್ಕುತ್ತಿದ್ದಿರಿ. ಯಾಕೆಂದು ನಾವು ಯಾರೂ ಕೇಳಲಿಲ್ಲ. ನೀವು ಹೋದಮೇಲೆ ಅಮ್ಮಿ ತಮ್ಮ ಊಟ ಬಿಟ್ಟರೂ ನೂರಿಗೆ ದಿನಾ ಬಕೆಟ್ ತುಂಬ ಹುರುಳಿ ಬೇಯಿಸುತ್ತಿದ್ದರು. "ಅವರು ಬಿಟ್ಟುಹೋದ ಜೀವ, ಹಸ್ಕೊಂಡಿರಬಾರ್ದು" ಅನ್ನುತ್ತಿದ್ದರು.

ಡಾಕ್ಟರ್ ಮಾತನ್ನು ಅವರಿಗೆ ಹೇಳಿಲ್ಲ. ಈಗಲೂ ನೂರಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ಬೆಂದ ಹುರುಳಿ ಹಿಸುಕಿ ಬಾಯಿಗಿಡುತ್ತಿದ್ದಾರೆ.

"ಒಂದು ತುತ್ತು ತಿಂದ್ರೆ ಎದ್ದುಬಿಡ್ತಾಳೆ, ಅಲ್ವೇನೋ?" ಎಂದು ಕೇಳಿದರು.

ಹೂಂ ಅಂದೆ, ಅಬ್ಬಾ.