ಎರಡನೆಯ ಕೂಸಿಗೊಂದು ಸಾಲು

ಮುಚ್ಚಳಪೇಟೆ, ಚಂದ್ರ
ಫೆಬ್ರವರಿ ಮೂವತ್ತು, 2391

ಶತಮಾನಗಳ ಹಿಂದೆ ಭೂಮಿಯಲ್ಲಿ ಕುಳಿತು ಜನನ ದಾಖಲೆಯ ಕೋಷ್ಟಕ ರಚಿಸುತ್ತಿರುವ ಹಿರಿಯರಿಗೆ ಚೆಲುವಾಜಮ್ಮನ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ. ಫೆಬ್ರವರಿಯ ಕೊರತೆಯನ್ನು ನಾವು ಎಂದೋ ತುಂಬಿದ್ದೇವೆ. ನನ್ನ ಕನ್ನಡ ವಿಚಿತ್ರ ಅನಿಸಿದರೆ ಕ್ಷಮಿಸಿ. ನಮ್ಮ ಊರಿನ ಮೇಲೆ ಗಾಜಿನ ದೊಡ್ಡ ಮುಚ್ಚಳವಿದೆ, ಹಾಗಾಗಿ ಮುಚ್ಚಳಪೇಟೆ ಎಂಬ ಹೆಸರು. ಒಳಗೆ ಪ್ರತಿಯೊಬ್ಬರಿಗೂ ಉಸಿರಾಡಲು ಅಳೆದು ಕೊಡುವ ಗಾಳಿಗೆ ಗಾಳಿಪಾಲು ಎನ್ನುತ್ತೇವೆ. ದಾಖಲೆಯಲ್ಲಿ ಒಂದು ಸಾಲು ಇದ್ದರೆ ಒಂದು ಪಾಲು. ಆ ದಾಖಲೆ ನೀವು ಈಗ ಗೀಚುತ್ತಿರುವ ಕೋಷ್ಟಕವೇ. ಮಂಚ ಕುರ್ಚಿಗಳನ್ನು ಭೂಮಿಯಲ್ಲೇ ಬಿಟ್ಟು ಬಂದ ನಮ್ಮವರು ಅದನ್ನು ಮಾತ್ರ ಜೋಪಾನವಾಗಿ ಹೊತ್ತು ತಂದರು.

ನನ್ನ ಮಗಳು ಮಂದಾಕಿನಿ ಅವಳಿ ಹೆಣ್ಣುಮಕ್ಕಳನ್ನು ಹೆತ್ತಳು. ಹನ್ನೆರಡನೆಯ ದಿನ ತೊಟ್ಟಿಲಿಗೆ ಹಾಕುವ ತನಕ ನಾವು ಹೆಸರಿಡುವುದಿಲ್ಲ. ನಿಮ್ಮ ಕೋಷ್ಟಕದಲ್ಲೋ ಹೆಸರಿನ ಅಂಕಣ ಖಾಲಿ ಇರುವಂತಿಲ್ಲ. ಆದ್ದರಿಂದ ಆಸ್ಪತ್ರೆಯವರು ಎಲ್ಲ ಕೂಸುಗಳಿಗೂ 'ಮಗು' ಎಂದು ಬರೆಯುತ್ತಾರೆ. ಹೆಸರಿಟ್ಟ ದಿನ ಅದನ್ನು ಬದಲಿಸಬಹುದು. ಬೇರೇನು ಬರೆದರೂ ಜೀವನಪೂರ್ತಿ ಅದೇ ಗತಿ. ಮೊದಲನೆಯ ಮಗು ದಾಖಲಾಯಿತು. ಎರಡನೆಯದಕ್ಕೆ ಯಂತ್ರ, 'ಈ ವ್ಯಕ್ತಿ ಈಗಾಗಲೇ ಇದ್ದಾರೆ' ಎಂದಿತು. ಅದೇ ಹೆಸರು, ಅದೇ ತಾಯಿ, ಅದೇ ದಿನ ಎರಡು ಸಲ ಬರಕೂಡದು ಎಂಬ ನಿರ್ಬಂಧ ನಿಮ್ಮದೇ. ಒಂದೇ ಕೂಸನ್ನು ಎರಡು ಸಲ ಬರೆಯದಿರಲಿ ಎಂಬ ಒಳ್ಳೆಯ ಉದ್ದೇಶ. ಅವಳಿಗಳು ನಿಮ್ಮ ನೆನಪಿಗೆ ಬರಲಿಲ್ಲ, ಅಷ್ಟೇ. ನಾನು ದಾಖಲೆ ಕಚೇರಿಯವಳೇ. ಆದರೂ ನಿಯಮಕ್ಕೆ ಕೈ ಹಾಕುವಂತಿಲ್ಲ. ಗಾಳಿಯಂತ್ರದಿಂದ ಶಾಲೆಯವರೆಗೆ ಎಲ್ಲವೂ ಅದನ್ನೇ ನೆಚ್ಚಿಕೊಂಡಿವೆ.

ಕಣ್ಣೆದುರು ಕೈಕಾಲು ಆಡಿಸುತ್ತಿರುವ ಕೂಸಿಗೆ ಗಾಳಿ ಇಲ್ಲವೆಂದರೆ ಹೇಗೆ? ಪಕ್ಕದ ಮನೆಯ ಮುದುಕಿ ಗುರುಬಸವ್ವ ಬಂದಳು. "ನನ್ನ ಪಾಲು ಈ ಮನಿಗೆ ಬರ್ಕೋರಿ. ನಾ ತಂಗಿ ಮನ್ಯಾಗ ಇರ್ತೀನಿ, ಆಕಿ ಮನಿ ದೊಡ್ಡದೈತಿ, ಅಲ್ಲಿನ ಗಾಳಿ ನನಗೂ ಸಾಲತೈತಿ" ಎಂದು ಚೀಲ ಹಿಡಿದು ಹೊರಟೇಬಿಟ್ಟಳು. ಮುದುಕರ ಪಾಲು ಚಿಕ್ಕದು. ಅತ್ತರೆ ಗಾಳಿ ಹೆಚ್ಚು ಬೇಕು. ಹಾಗಾಗಿ ಆ ಕೂಸು ಬಾಯಿ ತೆರೆದರೆ ಸಾಕು, ಅಳಿಯನೂ ನಾನೂ ಓಡಿಹೋಗಿ ಎತ್ತಿಕೊಳ್ಳುತ್ತಿದ್ದೆವು. ನಾನು ಹಾಡದ ಹಾಡಿಲ್ಲ. ನನ್ನ ಕಂಠ ಕೇಳಿಯೇ ಅದು ಹೆದರಿ ಸುಮ್ಮನಾಯಿತೆಂದು ಅಳಿಯನ ವಾದ.

ಇವತ್ತು ತೊಟ್ಟಿಲು ಕಟ್ಟಿದೆವು. ಇಲ್ಲಿ ಅದು ಬಲು ನಿಧಾನವಾಗಿ ತೂಗುತ್ತದೆ. ದೊಡ್ಡವಳಿಗೆ ನಿರುಪಮಾ ಎಂದು ಹೆಸರಿಟ್ಟ ಕೂಡಲೇ 'ಮಗು' ಎಂಬ ಜಾಗ ತೆರವಾಯಿತು. ಚಿಕ್ಕವಳ ಸಾಲು ತಕರಾರಿಲ್ಲದೆ ಒಳಗೆ ಹೋಯಿತು. ಅವಳ ಹೆಸರು ಗುರುಬಸವ್ವ. ಬೇರೆ ಯಾವ ಹೆಸರು ತಾನೇ ಇಡಲಿ?

ಈಗ ನನ್ನ ಕೋರಿಕೆ. ಹುಟ್ಟಿದೊಡನೆ ಪ್ರತಿ ಕೂಸಿಗೂ ಅದರದೇ ಒಂದು ಗುರುತಿನ ಸಂಖ್ಯೆ ಕೊಡಿ. ಹೆಸರುಗಳನ್ನು ಬೇರೊಂದು ಕೋಷ್ಟಕದಲ್ಲಿಟ್ಟು ಆ ಸಂಖ್ಯೆಗೆ ಜೋಡಿಸಿ. ತೊಟ್ಟಿಲ ಹೆಸರು, ಮುದ್ದಿನ ಹೆಸರು ಎಷ್ಟಾದರೂ ಇರಲಿ. ಒಂದೂ ಇಲ್ಲದಿದ್ದರೆ ಕಾಯಿರಿ. ಹೆಸರಿಗಿಂತ ಮೊದಲು ಮಗು ಬಂದಿರುತ್ತದೆ.

ಗುರುಬಸವ್ವ ಚೀಲ ಸಮೇತ ಮನೆಗೆ ಮರಳಿದ್ದಾಳೆ. ಪುಟ್ಟ ಗುರುಬಸವ್ವ ಓಣಿಯೆಲ್ಲ ಕೇಳುವಂತೆ ಅಳುತ್ತಿದ್ದಾಳೆ. ಯಾರೂ ಓಡಿಹೋಗಿಲ್ಲ. ಅವಳದೇ ಗಾಳಿ, ಸ್ವಲ್ಪ ಹೊತ್ತು ಅಳಲಿ.