ಕೆಂಚಿಯ ಅರ್ಧ ಓಟ

ಬಡಗಣ ಶಿಬಿರ, ಏಳನೆಯ ಸಾಲು,
ಇಸವಿ ೨೨೬೧, ಫೆಬ್ರುವರಿ ಮೂವತ್ತು.

ತುಂಗಭದ್ರೆಯ ದಂಡೆಯಲ್ಲಿ ಈಗ ವಾಸವಾಗಿರುವ ಹಿರಿಯರಿಗೆ, ಹೊಸಪೇಟೆಯಿಂದ ಕಡೆಯ ಪಾಳಿಯಲ್ಲಿ ಹೊರಟುಬಂದ ಹುಲಿಗೆಮ್ಮ ಕೈಮುಗಿದು ಬರೆಯುವುದು.

ತಾರೀಖು ನೋಡಿ, ಬರೆದವಳಿಗೆ ಲೆಕ್ಕ ಬಾರದು ಎಂದುಕೊಳ್ಳಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನೀರು ಹಂಚುವವರಿಗೆ ಹಾಗೆ ಅನುಕೂಲ. ವರ್ಷದ ಕೊನೆಯಲ್ಲಿ ಉಳಿದುಬಿಡುವ ದಿನಗಳಿಗೆ ಹೆಸರಿಲ್ಲ, ಆ ದಿನಗಳಿಗೆ ನೀರಿನ ಪಾಲೂ ಇಲ್ಲ. ನನ್ನ ಬರವಣಿಗೆಯಲ್ಲಿ ನಿಮಗೆ ಒಗ್ಗದ ಮಾತುಗಳು ಬಂದರೆ ಕ್ಷಮಿಸಬೇಕು. ಹಳೆಯ ಅಕ್ಷರವನ್ನು ನಾನು ದೊಡ್ಡವಳಾದ ಮೇಲೆ ಕಲಿತೆ. ಕಲಿಸಿದವಳು ರಾಜಬಿ. ಅವಳ ವಿಷಯ ಮುಂದೆ ಬರುತ್ತದೆ. ಹಿಂದಿನ ಕಾಲಕ್ಕೆ ಕಾಗದ ಕಳಿಸುವ ವಿದ್ಯೆ ಬಲ್ಲವರು ಈಚೆಗೆ ನಮ್ಮ ಶಿಬಿರಕ್ಕೆ ಬಂದು, ಸಾಲಿಗೊಂದು ಕಾಗದ ಕೊಡುತ್ತೇವೆ, ಎಚ್ಚರಿಕೆ ಬರೆಯಿರಿ ಎಂದರು. ನಮ್ಮ ಸಾಲಿನಲ್ಲಿ ಮಿಕ್ಕವರು ಯಾರೂ ಕೈಚಾಚಲಿಲ್ಲ. ಎಚ್ಚರಿಕೆಯನ್ನು ನಿಮಗೆ ಬೇಕಾದಷ್ಟು ಜನ ಹೇಳಿದ್ದರೆಂದು ನಾನು ಕೇಳಿಬಲ್ಲೆ. ಆದ್ದರಿಂದ ಒಂದು ಕಾರಿನ ವಿಷಯ ಬರೆಯುತ್ತೇನೆ.

ಅಣೆಕಟ್ಟಿನ ಹಿಂದೆ ನಿಮಗೆ ಇವತ್ತು ನೀರು ಕಾಣುವ ಜಾಗದಲ್ಲಿ, ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ನೀರಿರಲಿಲ್ಲ. ಹೊಳೆ ತಂದು ಹಾಕಿದ ಹೂಳು ಬಿಸಿಲಿಗೆ ಗಟ್ಟಿಯಾಗಿ, ಮೇಲೆ ಉಪ್ಪಿನ ಪೊರೆ ಬಂದು, ಕಣ್ಣು ಹರಿಯುವವರೆಗೂ ರೊಟ್ಟಿ ಬಡಿಯುವ ಹಲಗೆಯಂತೆ ಸಪಾಟಾಗಿ ಬಿದ್ದಿತ್ತು. ಅದನ್ನು ನಾವು ಬಿಳಿಬಯಲು ಎನ್ನುತ್ತಿದ್ದೆವು. ಹಗಲೆಲ್ಲ ಊರಿನವರು ನೆರಳುಮನೆಯಲ್ಲಿರುತ್ತಿದ್ದೆವು. ನೆಲ ಅಗೆದು, ಮೇಲೆ ಗುಡಾರದ ಬಟ್ಟೆಯನ್ನು ಪದರ ಪದರವಾಗಿ ಹೊದಿಸಿದ ಉದ್ದನೆಯ ಹಜಾರಕ್ಕೆ ಆ ಹೆಸರು. ಅಡುಗೆ, ಶಾಲೆ, ಹೆರಿಗೆ, ಜಗಳ ಎಲ್ಲ ಅಲ್ಲಿಯೇ. ಹೊರಗಿನ ಕೆಲಸ ಏನಿದ್ದರೂ ಹೊತ್ತು ಏರುವ ಮುಂಚೆ, ಇಲ್ಲವೆ ಇಳಿದ ಮೇಲೆ. ಬೇಸಿಗೆ ತುದಿಗೆ ಬಂದಾಗ ಬೂದುಗಾಳಿ ಏಳುತ್ತಿತ್ತು. ಬಯಲಿನ ಹುಡಿಯನ್ನೇ ಎತ್ತಿ ವಾರಗಟ್ಟಲೆ ಸುರಿಯುವ ಗಾಳಿ ಅದು. ಅದು ನಿಂತ ಮೇಲೆ ಪ್ರತಿ ವರ್ಷವೂ ಒಂದೊಂದು ನೆರಳುಮನೆಯವರನ್ನು ಸರ್ಕಾರದ ಲಾರಿಗಳು ಉತ್ತರದ ಕಡೆಗೆ ಸಾಗಿಸುತ್ತಿದ್ದವು. ಅದಕ್ಕೆ ಪಾಳಿ ಎನ್ನುತ್ತಿದ್ದರು. ನಮ್ಮ ಪಾಳಿಯೂ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಯಾರೂ ಮುರಿದ ಬಾಗಿಲನ್ನು ರಿಪೇರಿ ಮಾಡಿಸುತ್ತಿರಲಿಲ್ಲ, ಮದುವೆಯ ಮಾತು ತೆಗೆಯುತ್ತಿರಲಿಲ್ಲ.

ಇಂಥ ಊರಿನಲ್ಲಿ ನನ್ನ ಅಣ್ಣ ಪಂಪಾಪತಿ ವೇಗದ ಕಾರು ಕಟ್ಟಲು ಕೂತ. ನಮ್ಮ ಅಜ್ಜನ ಕಾಲದಲ್ಲಿ ಆ ಹುಚ್ಚು ಸುತ್ತಲಿನ ಹತ್ತಾರು ಊರುಗಳಲ್ಲಿ ಇತ್ತಂತೆ. ಗಾಳಿ ಏಳುವ ಮೊದಲು ಎಲ್ಲರೂ ತಮ್ಮ ತಮ್ಮ ಕಾರುಗಳನ್ನು ಬಯಲಿಗೆ ತಂದು ನೇರವಾಗಿ ಓಡಿಸಿ, ಯಾರದು ಹೆಚ್ಚು ಎಂದು ನೋಡುತ್ತಿದ್ದರಂತೆ. ಅವರಲ್ಲಿ ಕಡೆಯವರು ಮುಟ್ಟಿದ ವೇಗವನ್ನು ಅಣೆಕಟ್ಟಿನ ಗೋಡೆಯ ಮೇಲೆ ಆಳೆತ್ತರದ ಅಂಕಿಗಳಲ್ಲಿ ಬರೆದಿದ್ದರು: ಗಂಟೆಗೆ ನಾನೂರ ಹನ್ನೆರಡು ಕಿಲೋಮೀಟರು. ಪಂಪಣ್ಣ ಚಿಕ್ಕಂದಿನಿಂದ ಆ ಅಂಕಿಗಳ ಕೆಳಗೆ ಆಡಿ ಬೆಳೆದವನು. ಜನ ಅವನನ್ನು ಚೇಷ್ಟೆ ಮಾಡುತ್ತಿದ್ದರು.

"ಎಲ್ಲಿಗೆ ಹೋಗಾಕ ಪಂಪಣ್ಣ, ಇಷ್ಟು ಜೋರು?"

"ಎಲ್ಲಿಗೂ ಇಲ್ಲ. ಬಯಲು ಐತಿ, ಅದಕ್ಕ," ಎನ್ನುತ್ತಿದ್ದ.

ನಾನು ತಗಡಿನ ಕೆಲಸದವಳು. ಹಾಳುಬಿದ್ದ ಬಸ್ಸುಗಳ ಅಲ್ಯೂಮಿನಿಯಂ ತಗಡು ಬಿಚ್ಚಿ ತಂದು, ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಕಾರಿನ ಮೈ ಮಾಡಿದೆ. ಮೂತಿ ಚೂಪು, ಮೈ ಉದ್ದ, ಎತ್ತರ ನನ್ನ ಸೊಂಟಕ್ಕೂ ಕಡಿಮೆ. ರಿವೆಟ್ಟಿನ ತಲೆಗಳು ಗಾಳಿಗೆ ಅಡ್ಡ ಬಾರದಂತೆ ಒಂದೊಂದನ್ನೂ ಉಜ್ಜಿ ಸಮ ಮಾಡಬೇಕಾಗಿತ್ತು. ತುಕ್ಕು ಹಿಡಿಯದಂತೆ ಒಳಗಿನ ಕಬ್ಬಿಣಕ್ಕೆ ಬಳಿದ ಕೆಂಪು ಬಣ್ಣ ಮಿಕ್ಕಿದ್ದರಿಂದ ಹೊರಗೂ ಅದನ್ನೇ ಬಳಿದೆವು. ಹಾಗಾಗಿ ಕೆಂಚಿ ಎಂಬ ಹೆಸರು ಬಂತು. ಒಳಗೆ ಎರಡು ದೊಡ್ಡ ಎಂಜಿನ್ನುಗಳನ್ನು ಪಂಪಣ್ಣ ಒಂದರ ಹಿಂದೊಂದು ಜೋಡಿಸಿದ್ದ. ಪೆಟ್ರೋಲನ್ನು ನಾವು ಕಂಡವರಲ್ಲ. ದಂಡೆಯಲ್ಲಿ ಬದುಕಿ ಉಳಿದಿದ್ದ ಗಿಡವೆಂದರೆ ಬಳ್ಳಾರಿ ಜಾಲಿಯೊಂದೇ. ಅದರ ಸಿಹಿಗಾಯಿಗಳನ್ನು ಆರಿಸಿ, ಕೊಳೆಹಾಕಿ, ಭಟ್ಟಿ ಇಳಿಸಿದ ಸಾರಾಯಿಯೇ ನಮ್ಮ ಇಂಧನ. ಒಂದು ಓಟಕ್ಕೆ ಬೇಕಾಗುವಷ್ಟು ಕೂಡಿಸಲು ಒಂದು ವರ್ಷದ ಕಾಯಿ ಸಾಲುತ್ತಿರಲಿಲ್ಲ. ಟೈರುಗಳು ಸಿಕ್ಕಿದ್ದೇ ಒಂದು ಪವಾಡ. ಹಳೆಯ ವಿಮಾನದ ಉಗ್ರಾಣವೊಂದರಲ್ಲಿ ಗಾಳಿ ತೆಗೆದು ಮೊಹರು ಮಾಡಿದ್ದ ಕೋಣೆಯಲ್ಲಿದ್ದವು. ಸರಿಯಾಗಿದ್ದುದು ನಾಲ್ಕೇ. ಅಂಥ ವೇಗ ತಡೆಯುವ ಹೊಸ ಟೈರು ಜಗತ್ತಿನಲ್ಲಿ ಎಲ್ಲಿಯೂ ತಯಾರಾಗುತ್ತಿರಲಿಲ್ಲ.

ಓಡಿಸುವವಳು ರಾಜಬಿ. ನೆರಳುಮನೆಯ ಶಾಲೆಯಲ್ಲಿ ಮೇಷ್ಟ್ರಮ್ಮ. ಗಂಡ ಜ್ವರದಲ್ಲಿ ಹೋಗಿದ್ದ, ಮಕ್ಕಳಿರಲಿಲ್ಲ. ಕಾರಿನೊಳಗೆ ಕೂರಲು ಸಣ್ಣ ಮೈಯವರು ಬೇಕೆಂದು ಪಂಪಣ್ಣ ಕೇಳಿಕೊಂಡು ತಿರುಗುತ್ತಿದ್ದಾಗ, ತಾನಾಗಿ ಬಂದು ಮೂತಿಯೊಳಕ್ಕೆ ಕಾಲು ಚಾಚಿ ಮಲಗಿ, "ಹಿಡೀತೈತಿ ನೋಡು" ಎಂದಳು. ಅವಳ ತರಗತಿಯಲ್ಲಿ ಮಕ್ಕಳು ವರ್ಷ ವರ್ಷಕ್ಕೆ ಕಡಿಮೆಯಾಗುತ್ತ ಬಂದು, ಒಂದು ಸಲ ಪುಸ್ತಕದ ಅರ್ಧಕ್ಕೆ ಬಂದಾಗ ಕೇಳುವವರೇ ಇಲ್ಲವಾದರು. ಆಗಲೇ ಅವಳು ನನ್ನಂಥ ದೊಡ್ಡವರನ್ನು ಹಿಡಿದು ಅಕ್ಷರ ಕಲಿಸಿದ್ದು. ಕಾರಿನ ವೇಗ ತಡೆಯಲು ಹಿಂದೆ ಬಿಚ್ಚಿಕೊಳ್ಳುವ ಕೊಡೆಬಟ್ಟೆಯನ್ನೂ ಅವಳೇ ಹೊಲಿದಳು. ಪಂಪಣ್ಣನೂ ಅವಳೂ ಎಂಜಿನ್ನಿನ ಆಚೀಚೆ ಕೂತು ಗಂಟೆಗಟ್ಟಲೆ ಮಾತಿಲ್ಲದೆ ಕೆಲಸ ಮಾಡುತ್ತಿದ್ದರು. ಅವರ ನಡುವೆ ಏನಿತ್ತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ವರ್ಷ ಗಾಳಿಗೆ ಮುಂಚೆಯೇ ನಮ್ಮ ಪಾಳಿ ಬಂದಿದೆಯೆಂದು ಸುದ್ದಿ ಬಂತು. ಲಾರಿಗಳು ಬರುವಷ್ಟರಲ್ಲಿ ತಲೆಗೊಂದು ಗಂಟು ಕಟ್ಟಿಕೊಂಡಿರಬೇಕು, ಮಿಕ್ಕಿದ್ದು ಬಿಡಬೇಕು. ಅದನ್ನು ಕೇಳಿದ ಸಂಜೆ ಪಂಪಣ್ಣ ಬಯಲಿಗೆ ನಡೆದ. ನಾವೂ ಹಿಂದೆ ಹೋದೆವು. ಮರುದಿನದಿಂದ ಊರಿನವರಲ್ಲಿ ಒಬ್ಬೊಬ್ಬರಾಗಿ ಬಂದು ಸೇರಿದರು. ಚೇಷ್ಟೆ ಮಾಡಿದವರೂ ಬಂದರು. ಪಕ್ಕ ಪಕ್ಕ ಸಾಲಾಗಿ ನಿಂತು, ಓಟದ ದಾರಿಯುದ್ದಕ್ಕೂ ಬಗ್ಗಿ ಚಿಪ್ಪು, ಕಲ್ಲು, ಮೊಳೆ ಆರಿಸುತ್ತ ನಡೆದೆವು. ಹಳೆಯ ರೈಲುಕಂಬಿಯೊಂದಕ್ಕೆ ಹಗ್ಗ ಕಟ್ಟಿ ಎಲ್ಲರೂ ಎಳೆದು ಉಪ್ಪಿನ ಉಬ್ಬುಗಳನ್ನು ಸಮ ಮಾಡಿದೆವು. ಗಂಟು ಕಟ್ಟುವ ಕೆಲಸ ಬಿಟ್ಟು ಬಂದವರು ಅವರು. ನಾನು ನನ್ನ ಊರನ್ನು ಅಷ್ಟು ಖುಷಿಯಾಗಿ ಕಂಡದ್ದು ಅದೊಂದೇ ಸಲ.

ಈ ಆಟದ ಒಂದು ಕಟ್ಟಳೆಯನ್ನು ನೀವು ತಿಳಿದಿರಬೇಕು. ಒಂದು ಕಡೆಗೆ ಓಡಿದರೆ ಅದು ವೇಗವಲ್ಲ. ಗಾಳಿಯೋ ಇಳಿಜಾರೋ ತಳ್ಳಿರಬಹುದು. ಹೋದ ದಾರಿಯಲ್ಲೇ ಒಂದು ಗಂಟೆಯೊಳಗೆ ವಾಪಸು ಓಡಿ ಬರಬೇಕು. ಎರಡರ ಸರಾಸರಿಯೇ ಲೆಕ್ಕ. ಸಾಕ್ಷಿಗೆಂದು ಕುಷ್ಟಗಿಯ ಕಡೆಯಿಂದ ದೊಡ್ಡಬಸವಪ್ಪ ಎಂಬ ಮುದುಕರನ್ನು ಕರೆತಂದಿದ್ದೆವು. ಅಜ್ಜನ ಕಾಲದ ಗಡಿಯಾರಗಳು ಅವರ ಮನೆಯಲ್ಲಿದ್ದವು.

ಓಟದ ದಿನ ಹೊತ್ತು ಹುಟ್ಟಿದಾಗ ಗಾಳಿಯೇ ಇರಲಿಲ್ಲ. ರಾಜಬಿಯನ್ನು ಒಳಗೆ ಮಲಗಿಸಿ ಪಟ್ಟಿಗಳನ್ನು ಬಿಗಿದು, ಮೇಲಿನ ಮುಚ್ಚಳವನ್ನು ನಾನೇ ತಿರುಪು ಹಾಕಿ ಕೂಡಿಸಿದೆ. ಆಮೇಲೆ ಪಂಪಣ್ಣನೂ ನಾನೂ ಹಳೆಯ ಸರಕುಗಾಡಿಯೊಂದರಲ್ಲಿ ದಾರಿಯ ಆಚೆಯ ತುದಿಗೆ ಹೋಗಿ ಕಾದೆವು. ಮೊದಲು ಕಂಡದ್ದು ಬಿಳಿ ಹುಡಿಯ ಒಂದು ಗೆರೆ. ಸದ್ದಿಲ್ಲ. ಗೆರೆ ಬೆಳೆಯುತ್ತ ಬಂತು, ಅದರ ತುದಿಯಲ್ಲಿ ಕೆಂಪು ಚುಕ್ಕೆ. ಆಮೇಲೆ ನೆಲ ನಡುಗಿತು, ಸದ್ದು ಎದೆಗೆ ಗುದ್ದಿದಂತೆ ಬಂದು ಹಾದುಹೋಯಿತು. ಕೊಡೆಬಟ್ಟೆ ಬಿಚ್ಚಿಕೊಂಡು, ಕೆಂಚಿ ದೂರದಲ್ಲಿ ನಿಂತಳು. ದಾರಿಯ ಪಕ್ಕ ಗಡಿಯಾರ ಹಿಡಿದು ನಿಂತಿದ್ದ ದೊಡ್ಡಬಸವಪ್ಪನವರು ಬಾವುಟದ ಸನ್ನೆಯಲ್ಲಿ ಅಂಕಿ ತೋರಿಸಿದರು: ನಾನೂರ ಮೂವತ್ತಾರು. ಪಂಪಣ್ಣ ನೆಲದ ಮೇಲೆ ಕೂತುಬಿಟ್ಟ. ಬಿಕ್ಕುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ.

ವಾಪಸು ಓಟಕ್ಕೆ ಕಾರನ್ನು ತಿರುಗಿಸಿ ನಿಲ್ಲಿಸಿ ಇಂಧನ ಸುರಿಯುತ್ತಿದ್ದೆವು. ಹಿಂದಿನ ಎಡಗಡೆಯ ಟೈರನ್ನು ಒರೆಸಲು ಕೈಯಿಟ್ಟಾಗ ನನ್ನ ಅಂಗೈ ತರಿತರಿಯಾದ ಜಾಗಕ್ಕೆ ತಾಗಿತು. ಅಂಗೈಯಗಲದ ರಬ್ಬರು ಕಿತ್ತುಹೋಗಿ ಒಳಗಿನ ನೂಲು ಕಾಣುತ್ತಿತ್ತು. ನಾನು ಅಣ್ಣನನ್ನು ಕರೆದೆ. ಅವನು ನೋಡಿದ. ರಾಜಬಿಯೂ ಇಳಿದು ಬಂದು ನೋಡಿದಳು.

"ಹೋಗಿ ಬರ್ತೀನಿ," ಎಂದಳು. "ಒಂದ ಸಲ. ತಡೀತೈತಿ."

"ತಡಿಯಂಗಿಲ್ಲ ರಾಜಬಿ. ನಡುದಾರ್‍ಯಾಗ ಸಿಡೀತೈತಿ. ನೀ ಚೂರೂ ಸಿಗಂಗಿಲ್ಲ."

"ಪಂಪಣ್ಣ, ನನ್ನ ಕೈಯಾಗ ಯಾವ ಕೆಲಸಾನೂ ಪೂರಾ ಆಗಿಲ್ಲ. ಸಂಸಾರ ಆಗಲಿಲ್ಲ, ಸಾಲಿ ಆಗಲಿಲ್ಲ. ಇದೊಂದು ಆಗ್ಲಿ ಬಿಡು. ನಾಳಿ ಲಾರಿ ಬರ್ತಾವ. ಆಮ್ಯಾಲ ನಮಗ ಏನೈತಿ ಹೇಳು?"

ಅವಳು ಟೊಪ್ಪಿಗೆ ಹಾಕಿಕೊಳ್ಳಲು ತಿರುಗಿದಳು. ಪಂಪಣ್ಣ ಇಕ್ಕಳ ತೆಗೆದುಕೊಂಡು ಆ ಟೈರಿನ ಗಾಳಿ ತಡೆಯುವ ವಾಲ್ವಿನ ಕಡ್ಡಿಯನ್ನು ಕಿತ್ತು ಬಯಲಿಗೆ ಎಸೆದ. ಗಾಳಿ ಶಿಳ್ಳೆ ಹಾಕುತ್ತ ಹೋಯಿತು. ಕೆಂಚಿ ಒಂದು ಮಗ್ಗುಲಿಗೆ ಕುಸಿದಳು. ಗಾಳಿ ತುಂಬುವ ಯಂತ್ರವಿದ್ದುದು ದಾರಿಯ ಇನ್ನೊಂದು ತುದಿಯಲ್ಲಿ. ಹೋಗಿ ತರುವಷ್ಟರಲ್ಲಿ ಗಂಟೆ ಮುಗಿಯುತ್ತಿತ್ತು. ತನ್ನ ಆಯುಸ್ಸನ್ನೆಲ್ಲ ಸುರಿದು ಕಟ್ಟಿದ್ದನ್ನು ಅವನು ತನ್ನ ಕೈಯಾರೆ ನಿಲ್ಲಿಸಿದ್ದ.

ರಾಜಬಿ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದಳು.

"ಎದಕ್ಕ ಉಳಿಸಿದಿ ನನ್ನ? ಹೇಳು, ಎದಕ್ಕ?"

ದೊಡ್ಡಬಸವಪ್ಪನವರು ಗಂಟೆ ಪೂರ್ತಿ ಆಗುವವರೆಗೆ ಗಡಿಯಾರ ಹಿಡಿದು ಕಾದು, ಆಮೇಲೆ ಪಂಪಣ್ಣನ ಬಳಿ ಬಂದು ಸಮಾಧಾನದ ದನಿಯಲ್ಲಿ, "ಹಳೇದ ನಿಲ್ತೈತಿ ತಮ್ಮಾ," ಎಂದರು. ಜನ ಗುಂಪು ಚದುರಿ ಗಂಟು ಕಟ್ಟಲು ಹೋದರು. ಕೆಂಚಿಯನ್ನು ಅಲ್ಲಿಯೇ ಬಿಟ್ಟೆವು. ಲಾರಿ ಹತ್ತುವಾಗ ಗಾಳಿ ಶುರುವಾಗಿತ್ತು, ಬಯಲು ಕಾಣುತ್ತಿರಲಿಲ್ಲ.

ಈ ಶಿಬಿರದ ವಿಷಯ ಹೆಚ್ಚು ಬರೆಯಲಾರೆ. ಸಾಲು ಸಾಲು ಗೂಡುಗಳು, ಸಾಲಿಗೊಂದು ನಲ್ಲಿ. ಉತ್ತರದಲ್ಲಿ ತಂಪಿದೆ ಎಂದಿದ್ದರು, ಇಲ್ಲ. ರಾಜಬಿ ನಮ್ಮ ಗೂಡಿನಲ್ಲೇ ಇದ್ದಳು. ನನ್ನೊಡನೆ ಮಾತಾಡುತ್ತಿದ್ದಳು, ಅಣ್ಣನೊಡನೆ ಒಂದು ಮಾತೂ ಇಲ್ಲ. ಅವನು ಅವಳ ಪಾಲಿನ ಕೊಡ ಹೊತ್ತು ತಂದಿಡುತ್ತಿದ್ದ. ಅವಳು ಅವನ ಎದುರು ಅದನ್ನು ಮುಟ್ಟುತ್ತಿರಲಿಲ್ಲ. ಮೊದಲ ಬೇಸಿಗೆಯಲ್ಲೇ ಬಿಸಿಜ್ವರ ಬಂತು. ಹೊರಗಿನ ಸೆಕೆ ಮೈಯೊಳಗೆ ಹೊಕ್ಕು ಇಳಿಯದೆ ಕೂರುವ ಕಾಯಿಲೆ ಅದು. ನಮ್ಮ ಸಾಲಿನಲ್ಲೇ ಎಷ್ಟೋ ಜನ ಹೋದರು. ಒಂದು ಮಧ್ಯಾಹ್ನ ನಾನು ಅವಳ ಹಣೆಗೆ ಒದ್ದೆ ಬಟ್ಟೆ ಇಡುತ್ತಿದ್ದಾಗ ಕಣ್ಣು ತೆರೆದು ಕೇಳಿದಳು:

"ಹುಲಿಗೆಮ್ಮಾ, ನೀನೂ ಆ ಟೈರು ಮುಟ್ಟಿ ನೋಡೀದಿ. ತಡೀತಿತ್ತೇನು?"

"ಇಲ್ಲವ್ವಾ," ಎಂದೆ.

"ಇಲ್ಲಂತ ಹೇಳಬ್ಯಾಡ. ಗೊತ್ತಿಲ್ಲ ಅನ್ನು."

"ಗೊತ್ತಿಲ್ಲವ್ವಾ," ಎಂದೆ. ಅವಳು ಕಣ್ಣು ಮುಚ್ಚಿದಳು. ಸಂಜೆಯೊಳಗೆ ಹೋದಳು. ಪಂಪಣ್ಣ ಬಾಗಿಲಲ್ಲಿ ನಿಂತಿದ್ದ. ಒಳಗೆ ಬರಲು ಅವಳು ಹೇಳಿರಲಿಲ್ಲವಾದ್ದರಿಂದ ಕಡೆಯವರೆಗೂ ಬರಲಿಲ್ಲ.

ಅವನಿಗೆ ಈಗ ಮುಪ್ಪು. ಕಣ್ಣು ಮಂಜು. ನಾನು ಗಂಜಿ ಕೊಡುವಾಗ ಒಂದೇ ಮಾತು ಕೇಳುತ್ತಾನೆ: "ಬಿಡಬೇಕಿತ್ತೇನವಾ?" ಬಿಟ್ಟಿದ್ದರೆ ಅವಳು ಬಯಲಿನ ನಡುವೆ, ತನಗೆ ಬೇಕಾದ ಕೆಲಸದಲ್ಲಿ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಹೋಗುತ್ತಿದ್ದಳು. ತಡೆದದ್ದರಿಂದ ಒಂದು ಬೇಸಿಗೆ ಹೆಚ್ಚು ಬದುಕಿ, ಈ ಗೂಡಿನಲ್ಲಿ, ಮುನಿದುಕೊಂಡು ಹೋದಳು. ಕಿತ್ತ ಟೈರಿನ ಮೇಲೆ ಮನುಷ್ಯರನ್ನು ಕಳಿಸಬಾರದು ಎಂದು ನನಗೆ ಗೊತ್ತು. ಆದರೂ ಅವನಿಗೆ ಉತ್ತರ ಕೊಡಲು ಬಾಯಿ ಬರುವುದಿಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಬಿನ್ನಹ. ನಿಮ್ಮಲ್ಲಿ ಇನ್ನೂ ತಣ್ಣನೆಯ ಹೊತ್ತು ಇದೆ, ಕೂತು ಯೋಚಿಸಲು ಬಿಡುವಿದೆ. ಅವನು ಏನು ಮಾಡಬೇಕಿತ್ತು ಎಂಬುದನ್ನು ಯಾರಾದರೂ ಯೋಚಿಸಿ ನಾಲ್ಕು ಸಾಲು ಬರೆದು, ಅಣೆಕಟ್ಟಿನ ಒಳಗಿನ ಮೆಟ್ಟಿಲುಗಳ ಹತ್ತಿರ, ಕಲ್ಲಿನ ಸಂದಿಯಲ್ಲಿ ಇಟ್ಟುಬಿಡಿ. ನಿಮ್ಮ ಕಾಲಕ್ಕೆ ಪಂಪಣ್ಣ ಇನ್ನೂ ಹುಟ್ಟಿಲ್ಲ. ಆ ಬೆಳಗಿಗೆ ಮುಂಚೆ ಅದು ಅವನ ಕೈಗೆ ಸಿಕ್ಕೀತು.

ಆದರೆ ನಾನೂ ಅವನೂ ಕಬ್ಬಿಣ ಹುಡುಕುತ್ತ ಆ ಅಣೆಕಟ್ಟಿನ ಒಂದೊಂದು ಸಂದಿಗೂ ಕೈ ಹಾಕಿ ಬೆಳೆದವರು. ಅಲ್ಲಿ ಯಾವ ಕಾಗದವೂ ಇರಲಿಲ್ಲ. ನೀವು ಬರೆಯುವುದಿಲ್ಲವೆಂದು ನನಗೆ ಗೊತ್ತು. ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ನೀರಿಗೆ ನನ್ನ ನಮಸ್ಕಾರ ಹೇಳಿ.

ಹುಲಿಗೆಮ್ಮ