ಹೊಂಬಾಳಮ್ಮನವರ ಸೋಪು

ಸಿಸ್ಟರ್ ಹೊಂಬಾಳಮ್ಮನವರೇ,

ಆಸ್ಪತ್ರೆಯಲ್ಲಿ ಬಡವರ ಪೆನಿಸಿಲಿನ್ ಬಚ್ಚಿಡುವ ಶತ್ರು ಎಂದು ನಿಮ್ಮ ಮೇಲೆ ಮಳವಳ್ಳಿಯಲ್ಲೆಲ್ಲ ಸುಳ್ಳು ಕರಪತ್ರ ಹಂಚಿದವನು ನಾನು. ಆಪರೇಷನ್ ಆದ ಅವ್ವನಿಗೆ ಆ ಸೂಜಿ ಹಾಕಿ ಎಂದು ಕೂಗಾಡಿದಾಗ ನೀವು ನಕ್ಕಿರಿ: "ಕ್ರಾಂತಿ ಆಮೇಲ್ ಮಾಡೀಯಂತೆ ಬುಡಪ್ಪ, ಮೊದ್ಲು ಸೋಪಾಕಿ ಕೈ ತೊಳ್ಕೊಂಡು ಅವ್ವನ್ನ ಮುಟ್ಟು."

ಇವತ್ತು ಅವ್ವನ ಹೊಲಿಗೆ ಬಿಚ್ಚಿದರು. ಎಲ್ಲರಿಗೂ ಚುಚ್ಚಿ ಚುಚ್ಚಿ ಈ ವಾರ್ಡಿನ ಕ್ರಿಮಿ ಪಳಗಿಬಿಟ್ಟಿದೆ, ಅದಕ್ಕೆ ಪೆನಿಸಿಲಿನ್ ನಾಟುವುದೇ ಇಲ್ಲ ಎಂದರು ಡಾಕ್ಟರು. ಅವ್ವನ ಗಾಯಕ್ಕೆ ಆ ಕ್ರಿಮಿ ಹತ್ತದಂತೆ ಕಾದದ್ದು ನಿಮ್ಮ ತೊಳೆದ ಕೈಗಳು.

"ಆ ಅಮ್ಮಂಗೆ ಹೇಳ್ಬುಡು ಕಣ್ಲಾ, ನಾನ್ ಎದ್ದು ಓಡಾಡ್ತಾವ್ನಿ ಅಂತ" ಎಂದಳು ಅವ್ವ. ಹೋದ ವಾರ ನೀವು ತೀರಿಹೋದದ್ದನ್ನು ಅವಳಿಗಿನ್ನೂ ಹೇಳಿಲ್ಲ.

ವಾರ್ಡಿನ ಬಾಗಿಲಲ್ಲಿ ನೀವು ಕೈ ತೊಳೆಯುತ್ತಿದ್ದ ನಲ್ಲಿಯಿದೆ. ಇನ್ನು ಬಂದವರೆಲ್ಲರ ಕೈ ತೊಳೆಸಲು ನಿಮ್ಮ ಬದಲು ನಾನೇ ಸೋಪು ಹಿಡಿದು ನಿಲ್ಲುತ್ತೇನೆ. ಸೋಮವಾರ ಬೆಳಿಗ್ಗೆ ನಿಮ್ಮ ಪಾಳಿಯ ಹೊತ್ತಿಗೆ, ಎಂಟಕ್ಕೆ, ಅಲ್ಲೇ ಸಿಗೋಣ.